ಗರಡಿಯ ಬಾಗಿಲು ಯಾರಿಗೆ ತೆರೆದಿತ್ತು?

ಗರಡಿಯೊಳಗೆ ಒಮ್ಮೆಯೂ ಕಾಲಿಡದವರು ಕೂಡ ‘ಅವರ ಗರಡಿಯಲ್ಲಿ ಪಳಗಿದವನು’ ಎಂದು ಸಲೀಸಾಗಿ ಹೇಳುತ್ತೇವೆ. ನಮ್ಮ ರಾಜಕಾರಣಿಗಳು ಅಖಾಡಕ್ಕಿಳಿದು ತೊಡೆ ತಟ್ಟುತ್ತಾರೆ, ಎದುರಾಳಿಗೆ ಮಣ್ಣು ಮುಕ್ಕಿಸುತ್ತಾರೆ. ಮಾತಿನಲ್ಲಿ ಇಷ್ಟು ಬೇರೂರಿದ ಈ ವಿದ್ಯೆ ಯಾರ ಸೊತ್ತಾಗಿತ್ತು ಎಂದು ಹುಡುಕುತ್ತ ಹೋದರೆ, ಕಲ್ಯಾಣದಿಂದ ಹೊರಟ ದಾರಿ ನಾವೀಗ ಬದುಕುತ್ತಿರುವ ದೆಹಲಿಗೇ ಬಂದು ಸೇರುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮರಳು ತುಂಬಿದ ಚೀಲ ಎತ್ತುವುದು, ಮುಂಜಾನೆಯ ನಡಿಗೆ, ಈಜು, ಕಂಬದ ಮೇಲಿನ ಸಾಮು ಎಲ್ಲವೂ ಅಲ್ಲಿವೆ. ಇಂದಿನ ಜಿಮ್ ತರಬೇತುದಾರ ಬರೆದುಕೊಡುವ ಪಟ್ಟಿಗೂ ಅದಕ್ಕೂ ದೊಡ್ಡ ಅಂತರವಿಲ್ಲ. ಆದರೆ ಮಲ್ಲರ ಊಟದ ಖರ್ಚು ಅರಸನದು, ಅವರ ಬಲವೂ ಅರಸನದೇ. ಹೆಂಗಸರಿಂದ ಅವರನ್ನು ದೂರವಿಡಬೇಕೆಂಬ ಕಟ್ಟುಪಾಡೂ ಇತ್ತು.

ಮೈಸೂರಿನಲ್ಲಿ ಈ ಪರಂಪರೆಯನ್ನು ಜಟ್ಟಿಗಳು ಉಳಿಸಿಕೊಂಡರು. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಮೊದಲ ಹನಿ ರಕ್ತ ಕಂಡೊಡನೆ ಮುಗಿಯುತ್ತದೆ. ಹೊಡೆಯುವುದರ ಜೊತೆಗೆ ಎಲ್ಲಿ ನಿಲ್ಲಿಸಬೇಕು ಎಂಬುದೂ ಆ ವಿದ್ಯೆಯ ಪಾಠ.

ಅರಸರ ಕಾಲ ಮುಗಿಯುತ್ತ ಬಂದಾಗ ಕುಸ್ತಿಗೆ ಹೊಸ ಆಸರೆ ಬೇಕಾಯಿತು. ದೆಹಲಿಯಲ್ಲಿ ಅದು ಗಿರಣಿಯ ನೆರಳಲ್ಲಿ ಸಿಕ್ಕಿತು. ರಾಜಸ್ಥಾನದ ಚಿಡಾವಾದಿಂದ ಬದುಕು ಅರಸಿ ಬಂದ ವಿಜಯ್ ಪಾಲ್ ಎಂಬ ಯುವಕ ಬಿರ್ಲಾ ಗಿರಣಿಯ ವ್ಯಾಯಾಮಶಾಲೆಯಲ್ಲಿ ನೆಲೆನಿಂತು ಗುರು ಹನುಮಾನ್ ಆದರು. ನಮ್ಮ ಹಾಗೆಯೇ ಅವರೂ ವಲಸಿಗರು. ಅವರ ಶಿಷ್ಯ ಸತ್ಪಾಲ್ 1982ರ ದೆಹಲಿ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದರು. ಸತ್ಪಾಲರ ಶಿಷ್ಯ ಸುಶೀಲ್ ಕುಮಾರ್ 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಪದಕ ತಂದರು. ಬಡ ರೈತರ ಮಕ್ಕಳಿಗೆ ಬಾಗಿಲು ತೆರೆದಿತ್ತು, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ.

ಅದನ್ನು ತೆರೆದವರು ಮಾಸ್ಟರ್ ಚಂದಗಿರಾಮ್. ಶಾಲಾ ಮೇಷ್ಟರಾಗಿದ್ದ ಅವರು 1970ರ ಬ್ಯಾಂಕಾಕ್ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದ ಪೈಲ್ವಾನರು. 1990ರ ದಶಕದ ಕೊನೆಗೆ, ಯಮುನೆಯ ದಡದ ತಮ್ಮ ಅಖಾಡದಲ್ಲಿ ಸ್ವಂತ ಹೆಣ್ಣುಮಕ್ಕಳನ್ನೇ ಮಟ್ಟಿಗಿಳಿಸಿದರು. ಹನುಮಂತನ ಎದುರು ಹೆಣ್ಣೇ ಎಂದು ಹಲವರು ಹುಬ್ಬು ಗಂಟಿಕ್ಕಿದರು. ಮೇಷ್ಟರು ಪಟ್ಟು ಸಡಿಲಿಸಲಿಲ್ಲ. ಆ ಅಖಾಡದಲ್ಲಿ ಪಳಗಿದ್ದ ಮಹಾವೀರ್ ಫೋಗಟ್ ಊರಿಗೆ ಮರಳಿ ತಮ್ಮ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸಿದರು. 2010ರಲ್ಲಿ ಇದೇ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೀತಾ ಫೋಗಟ್ ಚಿನ್ನ ಗೆದ್ದರು. 2016ರಲ್ಲಿ ರೋಹ್ಟಕ್‌ನ ಸಾಕ್ಷಿ ಮಲಿಕ್ ಒಲಿಂಪಿಕ್ ಕಂಚು ಪಡೆದ ಮೊದಲ ಭಾರತೀಯ ಮಹಿಳಾ ಕುಸ್ತಿಪಟುವಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2023ರಲ್ಲಿ ಅದೇ ಸಾಕ್ಷಿ, ವಿನೇಶ್ ಫೋಗಟ್ ಮತ್ತು ಬಜರಂಗ್ ಪೂನಿಯಾ ಜಂತರ್ ಮಂತರ್‌ನ ಫುಟ್‌ಪಾತಿನಲ್ಲಿ ಕೂತರು. ಆಗಿನ ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಅವರು ಹೊರಿಸಿದ್ದು ಲೈಂಗಿಕ ಕಿರುಕುಳದ ಆರೋಪ. ಮೇ 28ರಂದು ಪೊಲೀಸರು ಅವರನ್ನು ಎಳೆದೊಯ್ದ ಚಿತ್ರಗಳನ್ನು ದೇಶವೆಲ್ಲ ನೋಡಿತು.

ರಾತ್ರಿ ಪಾಳಿ ಮುಗಿಸಿ ಗುರುಗ್ರಾಮದಿಂದ ಮನೆಗೆ ಮರಳುವ, ಮುಖರ್ಜಿ ನಗರದ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುವ ನಮ್ಮ ಹುಡುಗಿಯರಿಗೆ ಕರಾಟೆ ಕಲಿ ಎಂದು ಬುದ್ಧಿ ಹೇಳುವವರು ಬಹಳ. ಕಲಿಯಲಿ. ಮೈ ಹಗುರಾಗುತ್ತದೆ, ಹೆದರಿಕೆ ಕಳೆಯುತ್ತದೆ, ಬಿದ್ದು ಏಳುವುದು ಅಭ್ಯಾಸವಾಗುತ್ತದೆ. ಆದರೆ ದೇಶದಲ್ಲೇ ಗಟ್ಟಿಗಿತ್ತಿಯರಾದ ಪೈಲ್ವಾನರೂ ನ್ಯಾಯ ಬೇಡಿ ಬೀದಿಗೆ ಬರಬೇಕಾಯಿತು ಎಂದರೆ, ಆತ್ಮರಕ್ಷಣೆಯ ಹೊರೆಯನ್ನೆಲ್ಲ ಅವರ ತೋಳಿನ ಮೇಲೆಯೇ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ವಜ್ರಮುಷ್ಟಿಯ ಪಾಠ, ಅಂದರೆ ಎಲ್ಲಿ ನಿಲ್ಲಿಸಬೇಕೆಂಬುದು, ಅಧಿಕಾರದ ಕುರ್ಚಿಯಲ್ಲಿ ಕೂತವರೂ ಕಲಿಯಬೇಕಾದ್ದು. ಅವರಿಗೂ ಒಂದು ಗರಡಿ ಬೇಕು.