ತಟ್ಟೆ ತೊಳೆದವನ ವಿಜ್ಞಾನ

1914ರ ಜನವರಿ 15ರಂದು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಶುರುವಾಯಿತು. ಹುಟ್ಟುಹಾಕಿದವರು ಸೈಮನ್‌ಸೆನ್, ಮ್ಯಾಕ್‌ಮಹೋನ್ ಎಂಬ ಇಬ್ಬರು ಬ್ರಿಟಿಷ್ ರಸಾಯನ ವಿಜ್ಞಾನಿಗಳು. ಅಧ್ಯಕ್ಷರು ಅಶುತೋಷ್ ಮುಖರ್ಜಿ. ಬಂದವರು 105 ಜನ, ಓದಿದ ಪ್ರಬಂಧ 35. ಚರಿತ್ರೆ ಕೊಡುವ ಲೆಕ್ಕ ಇಷ್ಟು. ಯಾರು ಯಾವ ಕೇರಿಯಿಂದ ಬಂದರು, ಯಾವ ಕೇರಿಯಿಂದ ಯಾರೂ ಬರಲಿಲ್ಲ ಅನ್ನೋದು ಈ ಲೆಕ್ಕದಲ್ಲಿಲ್ಲ. ಅದನ್ನು ನಾವೇ ಕೇಳಬೇಕು.

ಅದೇ ದಿನಗಳಲ್ಲಿ, ಅದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಘನಾದ ಸಾಹಾ ಎಂಬ ಹುಡುಗ ಎಂಎಸ್ಸಿ ಓದುತ್ತಿದ್ದ. ಢಾಕಾ ಹತ್ತಿರದ ಶಿಯೋರಾತಲಿ ಅವನ ಹಳ್ಳಿ. ಅಪ್ಪನದು ಸಣ್ಣ ದಿನಸಿ ಅಂಗಡಿ. ಮೇಲ್ಜಾತಿಯವರು ಕೀಳೆಂದು ಎಣಿಸಿದ್ದ ಜಾತಿ. ಊರಲ್ಲಿ ಮುಂದೆ ಓದಲು ಶಾಲೆಯಿಲ್ಲ. ದೂರದ ಊರಿನ ವೈದ್ಯರೊಬ್ಬರು ಮನೆಯಲ್ಲಿ ಇಟ್ಟುಕೊಂಡರು. ಷರತ್ತು: ಹಸು ನೋಡಿಕೊಳ್ಳಬೇಕು, ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. 1911ರಲ್ಲಿ ಕಲ್ಕತ್ತದ ಈಡನ್ ಹಿಂದೂ ಹಾಸ್ಟೆಲ್ ಸೇರಿದ. ಅಲ್ಲಿ ಮೇಲ್ಜಾತಿಯ ಹುಡುಗರು ಅವನ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಸರಸ್ವತಿ ಪೂಜೆಗೂ ಸೇರಿಸಲಿಲ್ಲ. ವಿದ್ಯೆಯ ದೇವತೆಗೂ ಮೈಲಿಗೆ!

ಎಷ್ಟು ಕಾವಿಗೆ, ಎಷ್ಟು ಒತ್ತಡಕ್ಕೆ ಪರಮಾಣು ತನ್ನ ಎಲೆಕ್ಟ್ರಾನು ಕಳೆದುಕೊಳ್ಳುತ್ತದೆಂದು ಹೇಳುವ ಸಮೀಕರಣವನ್ನು 1920ರಲ್ಲಿ ಸಾಹಾ ಪ್ರಕಟಿಸಿದರು. ನಕ್ಷತ್ರದ ಬೆಳಕಿನಿಂದ ಅದರ ಉಷ್ಣತೆ ಅಳೆಯುವ ದಾರಿ ಜಗತ್ತಿಗೆ ಸಿಕ್ಕಿತು. ಆಗ ಅವರಿಗಿನ್ನೂ 26-27. 1934ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. ಅಲ್ಲಿ ಅವರು ಬರೀ ನಕ್ಷತ್ರದ ಮಾತಾಡಲಿಲ್ಲ. ವರ್ಷ ವರ್ಷ ಬರುವ ನೆರೆ, ನದಿ ಸಂಶೋಧನೆಯ ಅಗತ್ಯ, ಇವನ್ನು ಸಭೆಯ ಮುಂದಿಟ್ಟರು. ನೆರೆಯ ನೀರಲ್ಲಿ ಬೆಳೆದವನು ವೇದಿಕೆ ಹತ್ತಿದರೆ ವಿಜ್ಞಾನದ ಪ್ರಶ್ನೆಗಳೇ ಬದಲಾಗುತ್ತವೆ. ನಾವು ಹೇಳುವುದು ಇದನ್ನೇ. ಕೇರಿಯ ಮಕ್ಕಳನ್ನು ಒಳಗೆ ಬಿಡುವುದು ದಾನವಲ್ಲ. ಅವರಿಲ್ಲದ ವಿಜ್ಞಾನ ಅರೆಗಣ್ಣಿನದು.

ಇನ್ನು ನಮ್ಮ ಮೈಸೂರಿಗೆ ಬರೋಣ. 2016ರ ಜನವರಿ 3ರಿಂದ 7ರವರೆಗೆ ಮಾನಸಗಂಗೋತ್ರಿಯಲ್ಲಿ 103ನೇ ಅಧಿವೇಶನ. ಪ್ರಧಾನಿ ಉದ್ಘಾಟಿಸಿದರು. ನೊಬೆಲ್ ಪಡೆದವರು ಬಂದರು. ಮಕ್ಕಳಿಗೆ ಬೇರೆ ಕಾಂಗ್ರೆಸ್ಸು, ಯುವ ವಿಜ್ಞಾನಿಗಳಿಗೆ ಪ್ರಶಸ್ತಿ. ಅಧಿಕಾರಿಯೊಬ್ಬರು ಶಂಖ ಊದಿ, ಊದುವುದರಿಂದ ಆರೋಗ್ಯವೆಂದು ಪ್ರಬಂಧವನ್ನೂ ಮಂಡಿಸಿದರು. ಅದೇ ತಿಂಗಳು ವೆಂಕಿ ರಾಮಕೃಷ್ಣನ್ ಈ ಕಾಂಗ್ರೆಸ್ಸನ್ನು ಸರ್ಕಸ್ ಎಂದು ಕರೆದರು.

ಶಂಖ ಊದಿದ ಅದೇ ವಾರ ಹೈದರಾಬಾದಿನಲ್ಲಿ ಏನಾಗುತ್ತಿತ್ತು? ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಐವರು ದಲಿತ ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಹಾಕಲಾಗಿತ್ತು. ಹಾಸಿಗೆ ಹೊತ್ತು ಬಂದವರು ಬಯಲಲ್ಲಿ ಡೇರೆ ಹಾಕಿದರು. ಅದಕ್ಕಿಟ್ಟ ಹೆಸರು ‘ವೆಲಿವಾಡ’. ತೆಲುಗಿನಲ್ಲಿ ಅದು ಊರಾಚೆಯ ಕೇರಿ. ಅವರಲ್ಲೊಬ್ಬ ರೋಹಿತ್ ವೇಮುಲ. ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯಬೇಕೆಂಬ ಆಸೆಯವನು. ಜನವರಿ 17ರಂದು ಜೀವ ಬಿಟ್ಟ. ಬರಬೇಕಾದ ಏಳು ತಿಂಗಳ ಫೆಲೋಶಿಪ್ಪು, 1,75,000 ರೂಪಾಯಿ, ಮನೆಯವರಿಗೆ ಕೊಡಿಸಿ ಎಂದು ಕೊನೆಯ ಪತ್ರದಲ್ಲಿ ಬರೆದಿದ್ದ. ಅವನಿಗೂ 26.

1911ರ ಹಾಸ್ಟೆಲಿಗೂ 2016ರ ಹಾಸ್ಟೆಲಿಗೂ ನಡುವೆ ನೂರೈದು ವರ್ಷ. ಸಂವಿಧಾನ ಬಂತು, ಮೀಸಲಾತಿ ಬಂತು, ರಾಕೆಟ್ಟು ಮಂಗಳ ಮುಟ್ಟಿತು. ಹಾಸ್ಟೆಲಿನ ಬಾಗಿಲು ಮಾತ್ರ ಇನ್ನೂ ಜಾತಿ ಕೇಳುತ್ತದೆ.

ವಿಜ್ಞಾನದ ವೇದಿಕೆಗೆ ದಾರಿ ಪ್ರಯೋಗಾಲಯದಿಂದ ಶುರುವಾಗುತ್ತೆ ಅಂತ ಪ್ರೊಫೆಸರುಗಳು ಹೇಳ್ತಾರೆ. ಕೂಲಿಯವರ ಮನೆಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಮಗೆ ಗೊತ್ತು, ಅದು ಶುರುವಾಗೋದು ಹಾಸ್ಟೆಲಿನ ಊಟದ ಸಾಲಿನಿಂದ. ಆಮೇಲೆ ಗೈಡಿನ ಸಹಿ. ಆಮೇಲೆ ನೋಂದಣಿ ಶುಲ್ಕ, ರೈಲು ಚಾರ್ಜು, ಬರದ ಫೆಲೋಶಿಪ್ಪು, ಬಾರದ ಇಂಗ್ಲಿಷು. ಎಲ್ಲವನ್ನೂ ದಾಟಿ ಒಬ್ಬ ವೇದಿಕೆ ಹತ್ತಿದರೆ ‘ಪ್ರತಿಭೆ’ ಅಂತಾರೆ. ಹತ್ತದವನಿಗೆ ‘ಮೆರಿಟ್ ಇಲ್ಲ’ ಅಂತಾರೆ.

2024ರ ಜನವರಿಯಲ್ಲಿ ಕಾಂಗ್ರೆಸ್ಸು ನಡೆಯಲೇ ಇಲ್ಲ. ಸರ್ಕಾರ ದುಡ್ಡು ನಿಲ್ಲಿಸಿತ್ತು. ಪರಂಪರೆ ಮುರಿಯಿತೆಂದು ಮರುಗುವವರು ಮರುಗಲಿ. ನಾವು ಕೇಳುವುದಿಷ್ಟೆ: ಮುಂದೆ ಎಲ್ಲೇ ವಿಜ್ಞಾನದ ಸಭೆ ಸೇರಲಿ, ಪ್ರಬಂಧಗಳ ಜೊತೆ ಆ ವಿಶ್ವವಿದ್ಯಾಲಯದ ಹಾಸ್ಟೆಲಿನ ಲೆಕ್ಕವನ್ನೂ ಮೇಜಿನ ಮೇಲಿಡಿ. ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಅರ್ಧಕ್ಕೇ ಊರಿಗೆ ಮರಳಿದರು, ಯಾಕೆ ಮರಳಿದರು? ಅಳತೆಯಿಲ್ಲದೆ ವಿಜ್ಞಾನವಿಲ್ಲ ಅಂತ ಕಲಿಸಿದವರು ನೀವೇ. ಇದನ್ನೂ ಅಳೆಯಿರಿ.