ಉಳುಕೋ, ಹುಳುಕೋ?

ಕಳೆದ ವರ್ಷ ವಿಮೆಯ ಕಡತವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿದೆ, ಚಾಲಕನಿಗೆ ‘ವಿಪ್‌ಲ್ಯಾಶ್’ ಆಗಿದೆ. ಪದಕ್ಕೆ ಪದ ಇಟ್ಟರೆ ‘ಚಾಟಿಯೇಟು’. ಮನೆಮಾತಿನಲ್ಲಿ ಹೇಳುವುದಾದರೆ ಕತ್ತು ಉಳುಕಿದೆ, ಅಷ್ಟೆ. ಆದರೆ ಈ ಪದದ ಬೆನ್ನು ಹತ್ತಿದಾಗ ಸಿಕ್ಕಿದ್ದು ನೂರೈವತ್ತು ವರ್ಷಕ್ಕೂ ಹಳೆಯದಾದ ಒಂದು ಜಗಳ: ಕಣ್ಣಿಗೆ ಕಾಣದ ನೋವನ್ನು ಕೋರ್ಟು ನಂಬಬೇಕೆ?

ಜಗಳ ಶುರುವಾದದ್ದು ಕಾರಿನಿಂದಲ್ಲ, ರೈಲಿನಿಂದ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲು ಅಪಘಾತವಾದಾಗ ಕೆಲವರು ಗಾಯವಿಲ್ಲದೆ ಎದ್ದು ಮನೆಗೆ ಹೋಗುತ್ತಿದ್ದರು. ದಿನ ಕಳೆದಂತೆ ಬೆನ್ನುನೋವು, ನಿದ್ದೆಗೇಡು, ಮರೆವು. ಅವರು ರೈಲು ಕಂಪನಿಗಳ ಮೇಲೆ ದಾವೆ ಹೂಡಿದರು. ಕುಲುಕಾಟದಿಂದ ಬೆನ್ನುಹುರಿಗೇ ಪೆಟ್ಟಾಗುತ್ತದೆ ಎಂದು ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ಬರೆದರು. ಜನ ಇದನ್ನು ‘ರೈಲ್ವೆ ಸ್ಪೈನ್’ ಎಂದರು. 1883ರಲ್ಲಿ ಹರ್ಬರ್ಟ್ ಪೇಜ್ ಉತ್ತರ ಕೊಟ್ಟರು: ಇದು ಹುರಿಯ ಪೆಟ್ಟಲ್ಲ, ಹೆಚ್ಚಾಗಿ ಭಯದ ಪರಿಣಾಮ, ಪರಿಹಾರದ ನಿರೀಕ್ಷೆ ಅದನ್ನು ಬೆಳೆಸುತ್ತದೆ. ಪೇಜ್ ರೈಲು ಕಂಪನಿಯೊಂದರ ವೈದ್ಯರಾಗಿದ್ದರು ಎಂಬುದನ್ನೂ ನೆನಪಿಡಬೇಕು.

ಮುಂದೆ ಕಾರು ಬಂತು. 1928ರಲ್ಲಿ ಅಮೆರಿಕದ ಮೂಳೆ ವೈದ್ಯ ಹೆರಾಲ್ಡ್ ಕ್ರೋ ‘ವಿಪ್‌ಲ್ಯಾಶ್’ ಎಂಬ ಪದ ಬಳಸಿದರು. ಹಿಂದಿನಿಂದ ಗುದ್ದಿದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಹಿಂದೆ ಉಳಿದು ಆಮೇಲೆ ಮುಂದಕ್ಕೆ ಎಗರುತ್ತದೆ. ಕ್ರೋ ಹೆಸರಿಟ್ಟದ್ದು ಆ ಚಲನೆಗೆ. ವೈದ್ಯರು, ರೋಗಿಗಳು, ವಕೀಲರು ಸೇರಿ ಅದನ್ನು ಕಾಯಿಲೆಯ ಹೆಸರು ಮಾಡಿದರು. ಕ್ರೋ ಮುಂದೆ ಇದಕ್ಕಾಗಿ ಪೇಚಾಡಿಕೊಂಡರಂತೆ. ಎಕ್ಸ್‌ರೇಗೆ ಮೂಳೆ ಕಾಣುತ್ತದೆ, ಸ್ನಾಯುವಿನ ನೋವು ಕಾಣುವುದಿಲ್ಲ. ಅನುಮಾನಕ್ಕೆ ಅಷ್ಟು ಸಾಕಾಯಿತು.

1996ರಲ್ಲಿ ಲಿಥುವೇನಿಯಾದ ಅಧ್ಯಯನವೊಂದು ಪ್ರಕಟವಾಯಿತು. ಪರಿಹಾರ ಕೇಳುವ ರೂಢಿಯೇ ವಿರಳವಾಗಿದ್ದ ಆ ದೇಶದಲ್ಲಿ, ಹಿಂದಿನಿಂದ ಗುದ್ದಿಸಿಕೊಂಡ 202 ಜನರಿಗೆ ಒಂದರಿಂದ ಮೂರು ವರ್ಷದ ನಂತರ ಉಳಿದ ಕತ್ತುನೋವು ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯ 1995ರಲ್ಲಿ ‘ನೋವು, ಸಂಕಟ’ದ ಪರಿಹಾರವನ್ನು ಕೈಬಿಟ್ಟಾಗ ಅರ್ಜಿಗಳ ಪ್ರಮಾಣ ಶೇ. 28ರಷ್ಟು ಇಳಿಯಿತು. ದುಡ್ಡಿಲ್ಲದಿದ್ದರೆ ನೋವೂ ಇಲ್ಲ ಎಂದು ಕೆಲವರು ಓದಿಕೊಂಡರು. ಆದರೆ ಅರ್ಜಿ ಹಾಕದವನಿಗೆ ನೋವಿಲ್ಲ ಎನ್ನಲಾದೀತೆ? ವರ್ಷಗಟ್ಟಲೆ ‘ನನಗೆ ನೋವಿದೆ’ ಎಂದು ಸಾಬೀತು ಮಾಡುತ್ತಲೇ ಇರಬೇಕಾದವನು ಅದನ್ನು ಮರೆಯುವುದಾದರೂ ಹೇಗೆ?

ಇಂಗ್ಲೆಂಡು 2021ರಲ್ಲಿ ದರಪಟ್ಟಿಯನ್ನೇ ತಂದಿತು: ಮೂರು ತಿಂಗಳವರೆಗಿನ ಕತ್ತುನೋವಿಗೆ ಆಗ 240 ಪೌಂಡ್. ಯಾರ ಕತ್ತು, ಅವರ ಕೆಲಸವೇನು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮಲ್ಲಿ ಮೋಟಾರು ಅಪಘಾತ ನ್ಯಾಯಮಂಡಳಿಗಳಿವೆ. ವೈದ್ಯರು ಬರೆದ ಶೇಕಡಾವಾರು ಅಂಗವೈಕಲ್ಯವೇ ಗಳಿಕೆಯ ನಷ್ಟವಲ್ಲ, ಆತ ಮಾಡುತ್ತಿದ್ದ ಕೆಲಸ ಯಾವುದೆಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಕೈ ಕಳೆದುಕೊಂಡ ಬಡಗಿಯ ನಷ್ಟ ಬೇರೆ, ಗುಮಾಸ್ತನ ನಷ್ಟ ಬೇರೆ. ನನಗೆ ಈ ಮಾತು ಹೆಚ್ಚು ಸರಿ ಅನ್ನಿಸುತ್ತದೆ.

ಸುಳ್ಳು ಹೇಳುವವರು ಇಲ್ಲವೆಂದಲ್ಲ. ಆದರೆ ಅವರಿಗೆ ಹೆದರಿ ಎಲ್ಲರ ಉಳುಕಿನಲ್ಲೂ ಹುಳುಕು ಹುಡುಕಿದರೆ, ದಂಡ ತೆರುವವನು ನಿಜಕ್ಕೂ ನೋಯುತ್ತಿರುವವನು. ಕೊನೆಗೆ ನಾನು ‘ಕತ್ತಿನ ಉಳುಕು’ ಎಂದೇ ಬರೆದೆ. ಕಳಿಸುವ ಮುನ್ನ, ತಪ್ಪಿ ಒಂದು ‘ಹ’ಕಾರ ಸೇರಿಕೊಂಡಿಲ್ಲ ತಾನೇ ಎಂದು ಎರಡು ಸಲ ನೋಡಿದೆ.