ಟೆರಾಹರ್ಟ್ಸ್ ಚಿತ್ರಣ: ಲೆಕ್ಕದಿಂದ ಮೂಡಿದ ಚಿತ್ರಗಳ ಇತಿಹಾಸ

ಮೈಕ್ರೋವೇವ್‌ಗೂ ಅವಗೆಂಪು ಕಿರಣಗಳಿಗೂ ನಡುವೆ, ಸ್ಥೂಲವಾಗಿ 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ಆವರ್ತನದಲ್ಲಿ ಬರುವ ಅಲೆಗಳಿಗೆ ಟೆರಾಹರ್ಟ್ಸ್ ಅಲೆಗಳೆಂದು ಹೆಸರು. 1 ಟೆರಾಹರ್ಟ್ಸ್ ಅಲೆಯ ತರಂಗಾಂತರ 0.3 ಮಿಲಿಮೀಟರ್. ಕಾಗದ, ಬಟ್ಟೆ, ಪ್ಲಾಸ್ಟಿಕ್‌ಗಳನ್ನು ಇವು ಸಲೀಸಾಗಿ ದಾಟುತ್ತವೆ. ಲೋಹಕ್ಕೆ ಬಡಿದು ಹಿಂದಿರುಗುತ್ತವೆ. ನೀರು ಸಿಕ್ಕರೆ ಅದರಲ್ಲೇ ಕರಗಿಹೋಗುತ್ತವೆ. ಎಕ್ಸ್-ರೇಯಂತೆ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುವಷ್ಟು ಶಕ್ತಿ ಇವಕ್ಕಿಲ್ಲ. ಮುಚ್ಚಿಟ್ಟ ವಸ್ತುವನ್ನು ಕೆಡಿಸದೆ ನೋಡಲು ಇದಕ್ಕಿಂತ ಒಳ್ಳೆಯ ಬೆಳಕು ಸಿಗುವುದು ಕಷ್ಟ. ಆದರೆ ಈ ಬೆಳಕಿಗೆ ಕ್ಯಾಮೆರಾ ಇರಲಿಲ್ಲ. ಲಕ್ಷಾಂತರ ಪಿಕ್ಸೆಲ್‌ಗಳ ಅಗ್ಗದ ಸಂವೇದಕ ಇಲ್ಲಿ ಕನಸಿನ ಮಾತು. ಆ ಕೊರತೆಯನ್ನು ಗಣಿತವೇ ತುಂಬಬೇಕಾಯಿತು.

1995ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಬಿನ್‌ಬಿನ್ ಹು ಮತ್ತು ಮಾರ್ಟಿನ್ ನಸ್ ಒಂದು ಎಲೆಯನ್ನೂ ಒಂದು ಮೈಕ್ರೋಚಿಪ್ಪನ್ನೂ ಟೆರಾಹರ್ಟ್ಸ್ ಅಲೆಗಳಲ್ಲಿ ಚಿತ್ರಿಸಿ ತೋರಿಸಿದರು. ಎಲೆ ಹಸಿಯಾಗಿದ್ದಾಗ ಒಮ್ಮೆ, ಬಾಡಿದ ಮೇಲೆ ಇನ್ನೊಮ್ಮೆ. ಎರಡು ಚಿತ್ರಗಳ ನಡುವೆ ನೀರು ಎಲ್ಲೆಲ್ಲಿಂದ ಆರಿಹೋಗಿದೆಯೆಂಬುದು ಎದ್ದು ಕಾಣುತ್ತಿತ್ತು. ಅವರ ಬಳಿ ಇದ್ದದ್ದು ಒಂದೇ ಸಂವೇದಕ. ಹಾಗಾಗಿ ಎಲೆಯನ್ನು ಬಿಂದುಬಿಂದುವಾಗಿ ಸರಿಸುತ್ತ ಅಳೆದರು. ಪ್ರತಿ ಬಿಂದುವಿನಲ್ಲೂ ಅಲೆಯ ಪೂರ್ತಿ ಆಕಾರ ದಾಖಲಾಗುತ್ತಿದ್ದುದು ಮುಂದಿನ ಎಲ್ಲಕ್ಕೂ ಬುನಾದಿಯಾಯಿತು.

ಆಕಾರ ಗೊತ್ತಿದ್ದರೆ ಸಮಯವೂ ಗೊತ್ತು. ಒಂದು ಪಿಕೊಸೆಕೆಂಡಿನಲ್ಲಿ ಬೆಳಕು ಸಾಗುವುದು 0.3 ಮಿಲಿಮೀಟರ್, ಹಾಗಾಗಿ ಪದರಗಳಿಗೆ ಬಡಿದು ಮರಳುವ ಪ್ರತಿಧ್ವನಿ ಎಷ್ಟು ತಡವಾಗಿ ಬಂತೆಂದು ನೋಡಿದರೆ ಅದು ಎಷ್ಟು ಆಳದ ಪದರದಿಂದ ಬಂತೆಂದು ಹೇಳಬಹುದು. 1997ರಲ್ಲಿ ಡೇನಿಯಲ್ ಮಿಟಲ್‌ಮನ್ ಮತ್ತು ಸಂಗಡಿಗರು ಈ ದಾರಿಯಲ್ಲಿ ಫ್ಲಾಪಿ ಡಿಸ್ಕೊಂದರ ಒಳಪದರಗಳನ್ನು ಬಿಡಿಸಿ ತೋರಿಸಿದರು. 2002ರಲ್ಲಿ ಬ್ರ್ಯಾಡ್ಲಿ ಫರ್ಗ್ಯುಸನ್ ಮತ್ತು ಸಹೋದ್ಯೋಗಿಗಳು ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನ ಗಣಿತವನ್ನೇ ಇಲ್ಲಿಗೆ ತಂದರು. ಅದು ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಎಕ್ಸ್-ರೇ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ. ಟೆರಾಹರ್ಟ್ಸ್ ಅಲೆ ವಸ್ತುವಿನೊಳಗೆ ಬಾಗುತ್ತದೆ, ಅಂಚುಗಳಲ್ಲಿ ಹರಡುತ್ತದೆ. ನೇರ ಗೆರೆಯ ಲೆಕ್ಕ ಸಾಲದೆ, ಅಲೆಯ ಹರಡುವಿಕೆಯನ್ನೂ ಸಮೀಕರಣದೊಳಗೆ ಸೇರಿಸಬೇಕಾಯಿತು.

ದೊಡ್ಡ ತಿರುವು ಬಂದದ್ದು ಈ ಕ್ಷೇತ್ರದ ಹೊರಗಿನಿಂದ, ಗಣಿತದ ಕಡೆಯಿಂದ. ಬಹುಪಾಲು ಚಿತ್ರಗಳನ್ನು ಕಡಿಮೆ ಮಾಹಿತಿಯಲ್ಲೇ ಹೇಳಿಬಿಡಬಹುದಾದ್ದರಿಂದ ಅವನ್ನು ಕಡಿಮೆ ಅಳತೆಗಳಿಂದಲೇ ಮರಳಿ ಕಟ್ಟಬಹುದೆಂದು ಎಮ್ಯಾನುಯೆಲ್ ಕ್ಯಾಂಡೆಸ್, ಜಸ್ಟಿನ್ ರಾಂಬರ್ಗ್, ಟೆರೆನ್ಸ್ ಟಾವ್ ಮತ್ತು ಡೇವಿಡ್ ಡೊನೊಹೊ 2006ರಲ್ಲಿ ತೋರಿಸಿದರು. ಎರಡೇ ವರ್ಷದಲ್ಲಿ ರೈಸ್ ವಿಶ್ವವಿದ್ಯಾಲಯದ ತಂಡ ಇದನ್ನು ಟೆರಾಹರ್ಟ್ಸ್‌ಗೆ ಅಳವಡಿಸಿತು. ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಚೌಕಗಳನ್ನು ಅಡ್ಡಾದಿಡ್ಡಿಯಾಗಿ ಮೂಡಿಸಿದ ಮರೆಗಳನ್ನು ಒಂದಾದ ಮೇಲೊಂದರಂತೆ ಕಿರಣಕ್ಕೆ ಅಡ್ಡ ಹಿಡಿದು, ಪ್ರತಿ ಸಲವೂ ಒಂದೇ ಸಂವೇದಕಕ್ಕೆ ತಲುಪಿದ ಒಟ್ಟು ಅಲೆಯನ್ನು ಬರೆದುಕೊಂಡರು. 32×32, ಅಂದರೆ 1024 ಪಿಕ್ಸೆಲ್‌ಗಳ ಚಿತ್ರ ಅದಕ್ಕಿಂತ ಬಹಳ ಕಡಿಮೆ ಅಳತೆಗಳಲ್ಲೇ ಸಿಕ್ಕಿತು. ವಸ್ತುವನ್ನು ಸರಿಸುವ ಕೆಲಸವೇ ತಪ್ಪಿತು. ಮುಂದೆ ತಾಮ್ರದ ಜಾಗಕ್ಕೆ ಬೆಳಕು ಚೆಲ್ಲಿದ ಸಿಲಿಕಾನ್ ಬಂತು: ಬೆಳಕು ಬಿದ್ದ ಕಡೆ ಅದು ಅಲೆಗಳನ್ನು ತಡೆಯುತ್ತದೆ, ಹಾಗಾಗಿ ಮರೆಯ ವಿನ್ಯಾಸವನ್ನು ಕ್ಷಣಕ್ಷಣಕ್ಕೂ ಬದಲಿಸಬಹುದು. ಇದೇ ಉಪಾಯದಿಂದ 2016ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 115 ಮೈಕ್ರೋಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆಯ ಹಿಂಬದಿಯಲ್ಲಿದ್ದ ಸರ್ಕ್ಯೂಟಿನ ತಂತಿಗಳಲ್ಲಿನ ಬಿರುಕುಗಳನ್ನು ಪತ್ತೆಹಚ್ಚಿದರು.

ಅದೇ ವರ್ಷ ಎಂಐಟಿ ಮತ್ತು ಜಾರ್ಜಿಯಾ ಟೆಕ್‌ನ ತಂಡ, ನಾಸಿಕ್ ಮೂಲದ ರಮೇಶ್ ರಾಸ್ಕರ್ ಕೂಡ ಇದ್ದ ತಂಡ, ಮುಚ್ಚಿದ ಪುಸ್ತಕ ಓದಿತು. ಒಂದೊಂದು ಅಕ್ಷರ ಬರೆದ ಹಾಳೆಗಳು ಒಂದರ ಮೇಲೊಂದು ಒತ್ತಿಕೊಂಡಿದ್ದರೂ ನಡುವೆ ಸುಮಾರು 20 ಮೈಕ್ರೋಮೀಟರ್ ಗಾಳಿ ಉಳಿದಿರುತ್ತದೆ. ಆ ಸಂದಿನಿಂದ ಮರಳುವ ಕ್ಷೀಣ ಪ್ರತಿಧ್ವನಿ ಹಾಳೆಯ ಸ್ಥಾನ ಹೇಳಿತು. ಮೇಲಿನ ಅಕ್ಷರದ ನೆರಳು ಕೆಳಗಿನದರ ಮೇಲೆ ಬೀಳುವುದರಿಂದ, ಅರೆಬರೆ ಕಂಡ ಗೆರೆಗಳು ಯಾವ ಅಕ್ಷರದವೆಂದು ನಿರ್ಧರಿಸಲು ಇನ್ನೊಂದು ಅಲ್ಗಾರಿದಮ್ ಬೇಕಾಯಿತು. ಒಂಬತ್ತು ಹಾಳೆಗಳವರೆಗೆ ಅಕ್ಷರ ಗುರುತು ಸಿಕ್ಕಿತು. ಇನ್ನೂ ಆಳದಲ್ಲಿ ಗದ್ದಲವೇ ಸಂಕೇತವನ್ನು ನುಂಗಿತು. ತೆರೆದರೆ ಪುಡಿಯಾಗುವ ಹಳೆಯ ಗ್ರಂಥಗಳ ಸಂರಕ್ಷಕರಿಗೆ ಇದು ನಿಜಕ್ಕೂ ಆಸೆ ಹುಟ್ಟಿಸಿದ ಪ್ರಯೋಗ.

ಈಚಿನ ವರ್ಷಗಳಲ್ಲಿ ಅಳತೆಗಳಿಂದ ಚಿತ್ರ ಕಟ್ಟುವ ಕೆಲಸದ ಒಂದು ಪಾಲನ್ನು, ಉದಾಹರಣೆಗಳಿಂದ ಕಲಿಯುವ ಡೀಪ್ ಲರ್ನಿಂಗ್ ಜಾಲಗಳು ವಹಿಸಿಕೊಂಡಿವೆ. ಮಸುಕು ತೆಗೆಯುವುದರಲ್ಲಿ ಅವು ವೇಗವಾಗಿವೆ. ಆದರೆ ನಿಜವಾದ ಟೆರಾಹರ್ಟ್ಸ್ ಚಿತ್ರಗಳ ಸಂಗ್ರಹ ಸಣ್ಣದು, ತರಬೇತಿ ಹೆಚ್ಚಾಗಿ ಕೃತಕ ಚಿತ್ರಗಳ ಮೇಲೆಯೇ ನಡೆಯುತ್ತದೆ. ಬಿರುಕು ಹುಡುಕುವ ಕಡೆ, ಇಲ್ಲದ ಗೆರೆಯನ್ನು ಜಾಲವೇ ಎಳೆದುಬಿಟ್ಟರೆ ಅಪಾಯ. ಅದಕ್ಕಾಗಿಯೇ ಹಲವು ತಂಡಗಳು ಅಲೆಯ ಚಲನೆಯ ಸಮೀಕರಣಗಳನ್ನು ಜಾಲದೊಳಗೇ ಹೆಣೆಯುತ್ತಿವೆ.